ಪುಕ್ಕಟೆ ಕಲಿಸುವವನು

“ಯಾರ ಜೋಡಿ ಮಾತಾಡಾಕತ್ತೀ ಮ್ಯಾಲ?”

ಸೋಮವ್ವ ಏಣಿಯ ಬುಡದಲ್ಲಿ ನಿಂತು ಕೂಗಿದಳು. ಅಟ್ಟದ ಮೇಲಿನ ಪಿಸುಮಾತು ತಟ್ಟನೆ ನಿಂತಿತು. ಮಂಡಿನೋವಿನ ಅತ್ತೆ ಏಣಿ ಹತ್ತಲಾರಳೆಂದು ಸೊಸೆಗೆ ಗೊತ್ತು. ಅದೇ ಅವಳ ಧೈರ್ಯ ಎಂದು ಸೋಮವ್ವ ಹಲ್ಲು ಕಡಿದಳು.

ಮಗ ಹೋಗಿ ಇನ್ನೂ ವರ್ಷ ತುಂಬಿಲ್ಲ. ಹೊಲದಲ್ಲಿ ಪಂಪಿನ ಕರೆಂಟು ಹೊಡೆದು ಸತ್ತ. ಅಂದೇ ಸೋಮವ್ವ ಅವನ ಫೋಟೋ ಇಳಿಸಿ, ಸೀರೆಯಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟಿದ್ದಳು. “ಅವನ ಸುದ್ದಿ ಈ ಮನ್ಯಾಗ ಯಾರೂ ತಗೀಬ್ಯಾಡ್ರಿ. ತಗದ್ರ ನನ್ನ ಹೆಣ ನೋಡ್ತೀರಿ” ಎಂದು ಆಣೆ ಹಾಕಿದ್ದಳು. ಸೊಸೆ ಅನ್ನಪೂರ್ಣಾ ಆ ಮಾತು ಮೀರಿರಲಿಲ್ಲ. ಒಂದು ದಿನವೂ ಗಂಡನ ಸುದ್ದಿ ಎತ್ತಿರಲಿಲ್ಲ. ಯಾಕೆ ಎತ್ತಿರಲಿಲ್ಲ ಎಂಬುದು ಸೋಮವ್ವನಿಗೆ ಈಗ ತಿಳಿಯುತ್ತಿತ್ತು.

ಮಧ್ಯಾಹ್ನ ರೊಟ್ಟಿ ಬಡಿದು ಮುಗಿದದ್ದೇ ತಡ, ಇವಳು ಮೊಬೈಲು ಹಿಡಿದು ಅಟ್ಟ ಏರುತ್ತಾಳೆ. ಅಲ್ಲಿನ ಗೋಡೆಗೆ ಮಗ ಕೊರೊನಾ ವರ್ಷದಲ್ಲಿ, ಅದೇನು ಹುಚ್ಚೋ, ಕರಿ ಬಣ್ಣ ಬಳಿದು ಸುಣ್ಣ ಕೆಡಿಸಿಟ್ಟಿದ್ದ. ಆ ಗೋಡೆಗೆ ಮುಖ ಮಾಡಿ ಕೂಡುತ್ತಾಳೆ. ಕಿವಿಗೆ ವಾಯರು ಸಿಗಿಸಿ, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಇದನ್ನೆಲ್ಲ ತನ್ನ ಮಾಳಿಗೆಯಿಂದ ಅಟ್ಟದ ಕಿಟಕಿಯಲ್ಲಿ ಕಂಡು ಬಂದು ಹೇಳಿದವಳು ಪಕ್ಕದ ಮನೆಯ ಸಾವಂತ್ರೆವ್ವ.

“ನಗತಾಳ, ಅಳತಾಳ. ‘ಹೂಂರಿ, ತಿಳೀತ್ರಿ’ ಅಂತಾಳ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದ್ರ ಊರಿಗೆ ಕಾಣಂಗಿಲ್ಲೇನು ಸೋಮವ್ವ?”

ಆ ಮಾತು ಕೇಳಿದ ಕೂಡಲೇ ಸೋಮವ್ವ ಸೊಸೆಯ ತವರೂರು ನೇಸರಗಿಗೆ ಫೋನು ಮಾಡಿಸಿ ಅವಳ ಅಣ್ಣ ಮಾಂತೇಶನನ್ನು ತನ್ನೂರು ಉಗರಗೋಳಕ್ಕೆ ಕರೆಸಿದ್ದಳು. ಅವನು ಈಗ ಪಡಸಾಲೆಯಲ್ಲಿ ಕೂತಿದ್ದ. ಮುಂದಿಟ್ಟ ಚಹಾ ಮುಟ್ಟಿರಲಿಲ್ಲ.

ಅನ್ನಪೂರ್ಣಾ ಕೆಳಗಿಳಿದಳು. ಕಣ್ಣು ಕೆಂಪಾಗಿದ್ದವು. ಸೋಮವ್ವ ಅವಳ ಕೈಯಿಂದ ಮೊಬೈಲನ್ನು ವಾಯರಿನ ಸಮೇತ ಕಸಿದುಕೊಂಡಳು.

“ಕೇಳಪಾ ನಿನ್ನ ತಂಗೀನ. ಯಾರವ ಅಂತ.”

“ಯಾರೂ ಅಲ್ಲರಿ, ಅತ್ತಿ. ಓದಾಕತ್ತೇನಿ,” ಎಂದಳು ಅನ್ನಪೂರ್ಣಾ. “ಹತ್ತನೇ ಇಯತ್ತೆ ನಪಾಸಾಗಿತ್ತಲ್ಲ, ಮತ್ತ ಕಟ್ಟೇನಿ. ಬರೋ ವಾರ ಪರೀಕ್ಷಾ ಐತ್ರಿ. ಪಾಸಾದ್ರ ಅಂಗನವಾಡಿ ಕೆಲಸಕ್ಕ ಅರ್ಜಿ ಹಾಕಬಹುದು.”

“ಸಾಲಿಗೆ ಹೋಗದ ಎಂಥಾ ಓದು?”

“ಮೊಬೈಲ್‌ನ್ಯಾಗ ಹುಡುಕಿದ್ರ ಎಲ್ಲಾ ವಿಷಯದ ಪಾಠ ಸಿಗತಾವರಿ. ಕನ್ನಡದಾಗ, ಪುಕ್ಕಟೆ. ಒಂದೊಂದಕ್ಕ ಹತ್ತು ಮಂದೀದು ಇರತಾವ. ಚೊಲೊ ಇದ್ದದ್ದು ನಾವ ಆರಿಸಿಕೋಬೇಕು.”

“ಆರಿಸಿಕೊಂಡೀದಿ ಬಿಡು,” ಎಂದಳು ಸೋಮವ್ವ. “ಸವದತ್ತಿ ಸಂತ್ಯಾಗ ಕರಿಬೇವು ಸೈತ ಯಾರೂ ಪುಕ್ಕಟೆ ಕೊಡಂಗಿಲ್ಲ. ಯಾವ ಗಂಡಸು ಪುಕ್ಕಟೆ ಕುಂತು ನಿನಗ ಕಲಸ್ತಾನ?”

ಮಾಂತೇಶ ಗಂಟಲು ಸರಿಮಾಡಿಕೊಂಡ. “ಇಂಗ್ಲಿಷ್ ಯಾರು ಹೇಳತಾರ?”

“ಒಬ್ರು ಅಕ್ಕಾರು. ಅವರ ಮುಖ ಕಾಣತೈತಿ, ಬೇಕಾದ್ರ ನೋಡು.”

“ವಿಜ್ಞಾನ?”

“ಅದು ಸರಕಾರದ್ದು.”

“ಗಣಿತಕ್ಕ?”

ಅನ್ನಪೂರ್ಣಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಣ್ಣ ಮತ್ತೆ ಕೇಳಿದ.

“ಅವರ ಮುಖ ಕಾಣಂಗಿಲ್ಲ,” ಎಂದಳು ಮೆಲ್ಲಗೆ. “ಬರಿಯೋ ಕೈ ಅಷ್ಟ ಕಾಣತೈತಿ.”

“ಹೆಸರೇನು?”

ಅವಳು ಅತ್ತೆಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

“ಹೇಳಾಕ ಬರಂಗಿಲ್ಲ.”

“ಕೇಳಿದೇನಪಾ ಮಾಂತೇಶ? ಹೇಳಾಕ ಬರಂಗಿಲ್ಲಂತ.” ಸೋಮವ್ವನ ದನಿ ಬೀದಿಗೆ ಕೇಳುವಷ್ಟಾಗಿತ್ತು. ಸಾವಂತ್ರೆವ್ವ ಬಾಗಿಲಿಗೆ ಬಂದು ನಿಂತಿದ್ದೂ ಆಗಿತ್ತು.

ಮಾಂತೇಶನ ಮುಖ ಕಪ್ಪಿಟ್ಟಿತು. ತಂಗಿ ನಪಾಸಾದ ವರ್ಷವೇ ಪುಸ್ತಕ ಕಸಿದು ಮದುವೆ ಮಾಡಿ ಕೈತೊಳೆದುಕೊಂಡವನು ಇವನೇ. ಆಗ ಬಾರದ ಮರ್ಯಾದೆಯ ಚಿಂತೆ ಈಗ ಬಂತು. “ಹೆಸರು ಹೇಳು. ಇಲ್ಲಂದ್ರ ಗಂಟು ಕಟ್ಟು. ಸಂಜಿ ಬಸ್ಸಿಗೆ ನೇಸರಗಿಗೆ ಹೋಗೂಣು. ಪರೀಕ್ಷಾ ಗಿರೀಕ್ಷಾ ಎಲ್ಲಾ ಅಲ್ಲಿಗೇ ಮುಗೀತು.”

ಅನ್ನಪೂರ್ಣಾ ತುಟಿ ಕಚ್ಚಿಕೊಂಡು ಒಳಗೆ ಹೋದಳು. ಸೀರೆಗಳನ್ನು ತಂದು ಪಡಸಾಲೆಯಲ್ಲೇ ಗಂಟು ಕಟ್ಟತೊಡಗಿದಳು. ಹೆಸರು ಮಾತ್ರ ಬಾಯಿಂದ ಹೊರಡಲಿಲ್ಲ. ಎಂಥ ಸೊಕ್ಕು ಇದು! ಮನೆ ಬಿಡುತ್ತಾಳಂತೆ, ಪರೀಕ್ಷೆ ಬಿಡುತ್ತಾಳಂತೆ, ಆ ಗಂಡಸಿನ ಹೆಸರು ಬಿಡುವುದಿಲ್ಲವಂತೆ. ಸೋಮವ್ವ ಮೊಬೈಲನ್ನು ಒರಳುಕಲ್ಲಿನ ಮೇಲೆ ಎತ್ತಿ ಹಿಡಿದಳು.

ಆಗ ಸೊಸೆ ಓಡಿಬಂದು ಕಾಲು ಹಿಡಿದಳು.

“ನನ್ನ ಎಲ್ಲಿಗೆ ಬೇಕಾದ್ರೂ ಕಳಸ್ರಿ, ಅತ್ತಿ. ಅದನ್ನ ಒಡೀಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳತೇನಿ.”

“ಅಷ್ಟು ಬೇಕಾದವನೇನ ಅವ? ಹಂಗಾರ ಒಡಿಯೋಕಿಂತ ಮೊದಲ ಆ ಭಾಡ್ಯಾಗ ಎರಡು ಮಾತು ಹೇಳೇ ಬಿಡತೇನಿ.”

ಅವನು ಫೋನಿನ ಆ ತುದಿಯಲ್ಲಿ ಇನ್ನೂ ಕಾಯುತ್ತಿದ್ದಾನೆಂದೇ ಸೋಮವ್ವ ತಿಳಿದಿದ್ದಳು. ವಾಯರಿನ ತುದಿಯನ್ನು ಕಿವಿಗೆ ತುರುಕಿಕೊಂಡಳು. ಮೊಬೈಲನ್ನು ಬಾಯಿಯ ಹತ್ತಿರ ತಂದಳು. “ಏ, ಯಾವೂರವ ಲೇ ನೀ? ನಿನಗ ಅವ್ವ ಇಲ್ಲೇನು ಮನ್ಯಾಗ?” ಎಂದು ಕೂಗಿದಳು. ಹಾಗೆ ಕೂಗುವಾಗ ಅವಳ ಹೆಬ್ಬೆರಳು ಪರದೆಯನ್ನು ಒತ್ತಿತು. ನಿಂತಿದ್ದ ಪಾಠ ಮುಂದೆ ಸಾಗಿತು.

ಮೊದಲು ಗೋಡೆಯ ಮೇಲೆ ಸೀಮೆಸುಣ್ಣ ಉಜ್ಜಿದ ಸದ್ದು ಕೇಳಿತು. ಆಮೇಲೆ ದೂರದಿಂದ, ಏಣಿಯ ಬುಡದಿಂದ, ಒಬ್ಬ ಹೆಂಗಸು ಸಿಟ್ಟಿನಲ್ಲಿ ಕೂಗಿದಳು: “ಯಾರ ಜೋಡಿ ಮಾತಾಡಾಕತ್ತೀ ಮ್ಯಾಲ? ರೊಟ್ಟಿ ಆರತಾವ.” ಅದು ಸೋಮವ್ವನದೇ ದನಿ, ಕೊರೊನಾ ವರ್ಷದ್ದು.

“ಈ ಲೆಕ್ಕ ಇಲ್ಲೇ ಇರಲಿ, ಮಕ್ಕಳ,” ಎಂದು ಗಂಡಸು ನಕ್ಕ. “ನಮ್ಮವ್ವ ಕರಿಯಾಕತ್ಯಾಳ. ಬಂದ್ನಿಬೇ, ಯವ್ವಾ.”