ಚಿಗವ್ವನ ಉಪವಾಸ

ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಶಹಾಬಾದದ ಆ ಈಸ್ಟರ್ ಮಧ್ಯಾಹ್ನ ನೆನಪಾಗುತ್ತದೆ.

ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ ಎಲ್ಲರೂ ಸಂಜೆಗೆ ರೊಟ್ಟಿ ಉಣ್ಣುತ್ತಿದ್ದರು. ಅವ್ವನ ತಂಗಿ ಚಿಗವ್ವ ಮಾತ್ರ ತೆಳ್ಳನೆಯ ಅಂಬಲಿ ಕುಡಿಯುತ್ತಿದ್ದಳು. "ಭಕ್ತಿ ಅಂದ್ರ ಆಕೀದು ನೋಡ್ರಿ," ಎಂದು ಪಾದ್ರಿಗಳು ಚರ್ಚಿನಲ್ಲಿ ಎಲ್ಲರೆದುರು ಹೊಗಳಿದ್ದರು.

ಹಬ್ಬದ ದಿನ ಅಜ್ಜಿ ಬಿಸಿ ಶಿರಾ ತಂದು ಮಗಳ ಮುಂದಿಟ್ಟಳು. "ಉಪಾಸ ಮುಗೀತು, ತಿನ್ನವಾ."

ಚಿಗವ್ವ ಒಂದು ತುತ್ತು ಬಾಯಿಗಿಟ್ಟು, ನುಂಗಲಾಗದೆ ಸೆರಗಿಗೆ ಉಗುಳಿದಳು. ಕಣ್ಣಲ್ಲಿ ನೀರು ತುಂಬಿತ್ತು. "ಕ್ರಿಸ್ಮಸ್ಸಿನಿಂದ ಗಂಟಲಾಗ ಗಟ್ಟೀದು ಏನೂ ಇಳಿವಲ್ದವ್ವಾ. ಎಲ್ಲಾರೂ ಭಕ್ತಿ ಅಂದ್ರು. ಹೇಳ್ಲಿಕ್ಕ ನಾಚಿಕಿ ಆತು."

ಮರುದಿನ ಕಲಬುರ್ಗಿ ದವಾಖಾನೆಯಲ್ಲಿ ಡಾಕ್ಟರು ಆಕೆಯ ಕುತ್ತಿಗೆ ಒತ್ತಿ ನೋಡಿ, ಅಜ್ಜಿಯ ಕಡೆ ತಿರುಗಿದರು.

"ಭಾಳ ತಡಾ ಮಾಡೀರಿ. ಆಕಿ ಉಣ್ಣೂದು ಬಿಟ್ಟಿದ್ದು ಮನ್ಯಾಗ ಯಾರೂ ನೋಡಲಿಲ್ಲೇನು?"

ಅಜ್ಜಿ ನೆಲ ನೋಡುತ್ತ ಅಂದಳು, "ಎಲ್ಲಾರೂ ನೋಡೀವ್ರಿ."