ಒಳ್ಳೇ ಮಣ್ಣು

ಹೊಸ ಅಪಾರ್ಟ್‌ಮೆಂಟಿನ ಸಬ್‌ಸ್ಟೇಷನ್‌ಗೆ ಜಾಗ ಹುಡುಕಿ ಹುಡುಕಿ ಇಂಜಿನಿಯರಮ್ಮನಿಗೆ ಸಾಕಾಗಿತ್ತು. ಎಲ್ಲಿ ನೋಡಿದರೂ ಒಣ ಮಣ್ಣು. ಕರೆಂಟು ಸಲೀಸಾಗಿ ಭೂಮಿಗಿಳಿಯಬೇಕಾದರೆ ಅರ್ತಿಂಗ್ ಗುಂಡಿಗೆ ಮೂಟೆಗಟ್ಟಲೆ ಉಪ್ಪು ಸುರಿಯಬೇಕು. ಈ ಮೂಲೆಯಲ್ಲಿ ಮಾತ್ರ, ಉಪ್ಪಿಲ್ಲದೆಯೇ, ಮೀಟರು ಅವಳು ಬಯಸಿದ್ದಕ್ಕಿಂತ ಒಳ್ಳೆಯ ಲೆಕ್ಕ ತೋರಿಸಿತು.

“ಇಲ್ಲೇ ಕಟ್ಟೋಣ. ಇನ್ನೆರಡಡಿ ತೋಡು ತಾತ.”

ಮುದುಕ ಹಾರೆ ಕೆಳಗಿಟ್ಟ. “ಸಾಕು ಬುಡಿ ಅವ್ವಾ.”

“ಇಂಥ ಮಣ್ಣು ಎಲ್ಲಿ ಸಿಗುತ್ತೆ?” ಅವಳು ಹಳೆಯ ರೂಢಿಯಂತೆ ಗುಂಡಿಯಿಂದ ಒಂದು ಚಿಟಿಕೆ ತೆಗೆದು ನಾಲಿಗೆಗಿಟ್ಟುಕೊಂಡಳು, ಖುಷಿಯಿಂದ ನಕ್ಕಳು. “ನೋಡು, ಉಪ್ಪುಪ್ಪು! ಯಾರೋ ಮೊದಲೇ ಹಾಕಿದ್ದಾರೆ.”

“ನಾನೇ ಹಾಕಿದ್ದು.”

“ನೀನಾ? ಯಾವಾಗ?”

ಮುದುಕ ಅವಳ ತುಟಿಯನ್ನೇ ನೋಡುತ್ತಿದ್ದ.

“ನಮ್ಮಪ್ಪನ್ನ ಮಣ್ಣು ಮಾಡ್ದಾಗ. ಉಪ್ಪು ಸುರೀದೆ ಹೆಣ ಮುಚ್ತಾರಾ ಅವ್ವಾ?”