ಅಜ್ಜನ ಟ್ರಂಕಿನ ಮೇಲಿನ ರೊಟ್ಟಿ

ಒಣಗಿದ ಜೋಳದ ರೊಟ್ಟಿ ಮುರಿಯುವ ಸದ್ದಿಗೆ ಇವತ್ತಿಗೂ ನನಗೆ ತಂಗಿಯ ಮುಖ ನೆನಪಾಗುತ್ತದೆ.

ಅಜ್ಜ ಎರಡನೇ ಮಹಾಯುದ್ಧದಲ್ಲಿ ಲಾರಿ ಓಡಿಸಿದವನು. ಜಗಳೂರಿನ ನಮ್ಮ ಮನೆಯಲ್ಲಿ ಅವನ ಮಿಲಿಟರಿ ಟ್ರಂಕಿನ ಮೇಲೆ ದಿನವೂ ಒಂದು ರೊಟ್ಟಿ ಬಟ್ಟೆ ಮುಚ್ಚಿಕೊಂಡು ಇರುತ್ತಿತ್ತು. ಹಸಿದು ಬಂದವರಿಗೆಂದು ಅದನ್ನು ಇಡುವ ಕೆಲಸ ತಂಗಿಯದು.

ಒಂದು ಮಧ್ಯಾಹ್ನ ಅದನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ನಾನು ತಿಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಕುರಿ ಕಾಯುವ ಮುದುಕನೊಬ್ಬ ಬಾಗಿಲಿಗೆ ಬಂದ. ಬಟ್ಟೆಯಡಿ ಏನೂ ಇರಲಿಲ್ಲ.

“ಇಡಾಕೆ ಮರೆತ್ಯೇನೇ?” ಎಂದು ಅವ್ವ ತಂಗಿಯ ತಲೆಗೆ ಮೊಟಕಿದಳು. ನಾನು ತುಟಿಗಂಟಿದ್ದ ಚಟ್ನಿ ಒರೆಸಿಕೊಂಡೆ.

ಅಜ್ಜ ತನ್ನ ತಾಟಿನ ರೊಟ್ಟಿಯನ್ನು ಮುದುಕನಿಗೆ ಕೊಟ್ಟು ಅವ್ವನ ಕಡೆ ತಿರುಗಿದ.

“ಬೈಬ್ಯಾಡವ್ವ. ಜರ್ಮನ್ನರ ಸೆರೆಶಿಬಿರದ ಗೇಟು ತೆಗೆದಾಗ ಲಾರಿ ತುಂಬ ಬ್ರೆಡ್ಡು ಒಯ್ದಿದ್ದೆ. ಒಳಗಿದ್ದೋರ ಮೈಯಾಗೆ ಬರೀ ಮೂಳೆ. ಒಬ್ಬ ಬ್ರೆಡ್ಡು ಅಂಗಿಯೊಳಗೆ ಮುಚ್ಚಿಟ್ಕೊಂಡು, ನಂಗೆ ಸಿಕ್ಕಿಲ್ಲ ಅಂತ ಮತ್ತೆ ಕೈ ಒಡ್ಡಿದ. ಕಂಡ್ರೂ ಕೇಳಲಿಲ್ಲ, ಇನ್ನೊಂದು ಕೊಟ್ಟೆ.”

ಮರುದಿನದಿಂದ ಅಜ್ಜ ಎರಡು ರೊಟ್ಟಿ ಇಡಿಸಿದ. “ಇನ್ನೊಂದು ಯಾರಿಗಜ್ಜ?” ಎಂದಳು ತಂಗಿ.

“ಹಸಿದೋರು ಮನೆಯಾಗೂ ಇರ್ತಾರವ್ವ.”

ತಂಗಿ ನನ್ನ ಕಡೆ ನೋಡಿ ನಕ್ಕಳು. ತಿಂದದ್ದು ನಾನೇ ಎಂದು ಆಗಲೂ ಹೇಳಲಿಲ್ಲ.